ಮೂರನೆಯ ತೂತು

10-7-1982, ಶನಿವಾರ
ಬೇತಮಂಗಲದ ಬಸ್ಸು ಇವತ್ತೂ ತಡ. ಕೋರಮಂಡಲ್ ತಲುಪುವ ಹೊತ್ತಿಗೆ ಉಳಿದ ಮೂವರೂ ಚರ್ಚಿನ ಹಿಂದಿನ ಹಾಲ್‌ನಲ್ಲಿ ಕುರ್ಚಿ ಎಳೆದುಕೊಂಡು ಕೂತಾಗಿತ್ತು. ಮಿಸ್ ಡಿಕ್ರೂಜ್ ಗಡಿಯಾರ ನೋಡಲಿಲ್ಲ. ನನ್ನ ಚಪ್ಪಲಿಯ ಧೂಳು ನೋಡಿದರು. ಅವರ ಬೈಗುಳ ಅಷ್ಟೇ.

ಬಸ್ಸಿನಲ್ಲಿ ಕಂಡಕ್ಟರು ಚೀಲ ಮುಟ್ಟಿ, ಏನಮ್ಮಾ ಇದು ಅಂದ. ರೆಕಾರ್ಡರ್ ಅಂದೆ. "ಟೇಪ್ ರೆಕಾರ್ಡರಾ? ಒಂದು ಆಡು ಆಕಮ್ಮ ಮತ್ತೆ!" ಎಲ್ಲರೂ ನಕ್ಕರು. ಮರದ ಕೊಳಲು, ನೇರಕ್ಕೆ ಬಾಯಿಗಿಟ್ಟು ಊದುವುದು ಅಂತ ಎಷ್ಟು ಜನಕ್ಕೆ ಹೇಳಲಿ.

ಇವತ್ತು ಪಾವನ್. ನಾನೂರು ವರ್ಷದ ಹಿಂದೆ ಯಾವುದೋ ದೇಶದ ದೊರೆಗಳು ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದ ಕುಣಿತವಂತೆ. ಮೇಲಿನ ದನಿ ಮಿಸ್ ಡಿಕ್ರೂಜ್ ಅವರದು — ನಾನು ಪಾಠ ಹೇಳುವ ಸ್ಕೂಲಿನ ರಿಟೈರ್ಡ್ ಮ್ಯೂಸಿಕ್ ಟೀಚರ್, ನಮಗೆಲ್ಲ ಕಲಿಸಿದವರು. ಅದರ ಕೆಳಗೆ ಬಂಗಾರಪೇಟೆ ಸ್ಟೇಷನ್ನಿನ ಬುಕಿಂಗ್ ಕ್ಲಾರ್ಕ್ ಕೋದಂಡಪ್ಪನವರು. ಎಲ್ಲಕ್ಕಿಂತ ಕೆಳಗೆ, ದೊಡ್ಡ ಕೊಳಲು ಹಿಡಿದು, ಮೈಸೂರು ಮೈನ್ಸ್‌ನ ಬಡಗಿ ಪೆರುಮಾಳ್. ನಡುವೆ ನಾನು, ಟೆನರ್ ಅನ್ನುವ ಕೊಳಲು ಹಿಡಿದು.

ಮುಗಿದ ಮೇಲೆ ಮಿಸ್ ಡಿಕ್ರೂಜ್ ಕನ್ನಡಕ ಒರೆಸುತ್ತಾ ಹೇಳಿದರು — ಬೆಂಗಳೂರಿನ ಒಂದು ಸಂಗೀತ ಸಂಘ ನಮ್ಮನ್ನು ಕರೆದಿದೆ. ನವೆಂಬರ್ ಕೊನೆಯ ಶನಿವಾರ. ವೇದಿಕೆ, ದೀಪ, ಕೇಳುವುದಕ್ಕೇ ಅಂತ ಬಂದ ಜನ.

ಪೆರುಮಾಳ್: "ನಮ್ಮನ್ನಾ? ಬೇರೆ ಯಾರೋ ಅಂದ್ಕೊಂಡು ಕರ್ದಿರ್ತಾರೆ ಮಿಸ್ಸಮ್ಮಾ."

ಹತ್ತು ವರ್ಷ ಚರ್ಚಿನ ಪಾರಿವಾಳಗಳಿಗೆ ಊದಿದ್ದೇವೆ. ಬಸ್ಸಿನಲ್ಲಿ ವಾಪಸು ಬರುವಾಗ ಸುಮ್ಮನೆ ನಗು ಬರುತ್ತಿತ್ತು. ಪಕ್ಕದವಳು ಜರುಗಿ ಕೂತಳು.

1-8-1982, ಭಾನುವಾರ
ಅತ್ತೆಗೆ ಸಂಜೆ ಊದಿದರೆ ಆಗದು. "ದೀಪ ಅಚ್ಚೋ ಒತ್ನಾಗೆ ಊದಬ್ಯಾಡ ಕಣಮ್ಮಿ, ಆವು ಬತ್ತದೆ." ಕೊಟ್ಟಿಗೆಗೆ ಹೋಗಿ ಊದಿದೆ. ಹಾವು ಬರಲಿಲ್ಲ, ಹಸುಗಳ ಅಭ್ಯಂತರ ಇಲ್ಲ. ಇವರು ಡೈರಿಗೆ ಹಾಲು ಹಾಕಿ ಬಂದು ಬಾಗಿಲಲ್ಲಿ ನಿಂತಿದ್ದರು. ಹತ್ತು ವರ್ಷದಲ್ಲಿ ಇದರ ಬಗ್ಗೆ ಒಂದು ಮಾತು ಕೇಳಿದವರಲ್ಲ. ಇವತ್ತು — "ಬೆಂಗ್ಳೂರಾಗೂ ಇದ್ನೇ ಊದ್ತೀಯ?" ಹೂಂ ಅಂದೆ. "ಚೆನ್ನಾಗೈತೆ ಬಿಡು." ಹೊರಟೇ ಹೋದರು.

19-8-1982
ಬರೆಯಬಹುದು. ಬಲಗೈ ಸರಿಯಿದೆ.

ಮೇವು ಕತ್ತರಿಸುವ ಮಿಷನ್. ನಾನು ಜೋಳದ ದಂಟು ಒತ್ತುತ್ತಿದ್ದೆ, ಇವರು ಚಕ್ರ ತಿರುಗಿಸುತ್ತಿದ್ದರು. ದಂಟು ಸಿಕ್ಕಿಕೊಂಡಿತು. ನಿಲ್ಲಿಸಿದರು ಅಂದುಕೊಂಡು ಕೈ ಹಾಕಿದೆ. ನಿಲ್ಲಿಸಿರಲಿಲ್ಲ. ನಾನು ಕೈ ತೆಗೆದೆ ಅಂತ ಅವರು ಅಂದುಕೊಂಡಿದ್ದರು.

ಎಡಗೈ. ಉಂಗುರದ ಬೆರಳು. ಬುಡದಲ್ಲಿ ಒಂದು ಗೆಣ್ಣು ಉಳಿದಿದೆ.

ಆಸ್ಪತ್ರೆಯಿಂದ ನಿನ್ನೆ ಬಂದೆ. ಅತ್ತೆ ತಲೆ ಸವರಿದರು. "ಒಂದು ಬೆಳ್ಳು ತಾನೆ ಓದದ್ದು. ಕೈ ಐತಲ್ಲ. ದೇವ್ರು ದೊಡ್ಡೋನು." ನೋಡಲು ಬಂದವರೆಲ್ಲ ಇದನ್ನೇ ಹೇಳುತ್ತಾರೆ. ರೊಟ್ಟಿ ತಟ್ಟಬಹುದು. ಹಾಲು ಕರೆಯಬಹುದು. ಬೋರ್ಡಿನ ಮೇಲೆ ಬರೆಯಬಹುದು. ಎಲ್ಲ ಮಾಡಬಹುದು.

ಇವರು ಮಿಷನ್ನಿಗೆ ಗೋಣಿತಾಟು ಹೊದಿಸಿ ಕಟ್ಟಿಬಿಟ್ಟಿದ್ದಾರೆ. ಮೇವನ್ನು ಕುಡುಗೋಲಲ್ಲಿ ಕೊಯ್ದು ಹಾಕುತ್ತಾರೆ. ನನ್ನ ಮುಖ ನೋಡುವುದಿಲ್ಲ.

5-9-1982, ಭಾನುವಾರ
ಕಟ್ಟು ಬಿಚ್ಚಿದರು. ಯಾರೂ ಇಲ್ಲದಾಗ ಟೆನರ್ ತೆಗೆದೆ.

ಎಡಗೈಯ ಮೂರು ಬೆರಳು ಮೇಲಿನ ಮೂರು ತೂತಿಗೆ. ಮೂರನೆಯದು ಈಗ ತೆರೆದ ಬಾಯಿ. ಮೇಲಿನ ನಾಲ್ಕು ಸ್ವರ ಬಂದವು. ಕೆಳಗೆ ಇಳಿದರೆ ಬರೀ ಕೀರಲು. ಪಾವನ್‌ನಲ್ಲಿ ನನ್ನ ದನಿ ಪೂರಾ ಕೆಳಗೇ.

ಇಲ್ಲದ ಬೆರಳು ತೂತು ಹುಡುಕುತ್ತದೆ. ಅದಕ್ಕೆ ಮರದ ತಂಪು ಕೂಡ ಗೊತ್ತಾಗುತ್ತದೆ. ಇದನ್ನು ಯಾರಿಗೆ ಹೇಳಲಿ...

11-9-1982, ಶನಿವಾರ
ಹೋದೆ. ಕೋದಂಡಪ್ಪನವರು ಎದ್ದು ನಿಂತರು, ಸಾವಿನ ಮನೆಗೆ ಬಂದವರ ಹಾಗೆ. ಪೆರುಮಾಳ್ ನನ್ನ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಕಿರುಬೆರಳು ಹಿಡಿದು, "ಇದುಕ್ಕೆ ಈ ಕೊಳಲಲ್ಲಿ ವೇಲೆ ಇಲ್ಲ ಅಲ್ವಾ ತಾಯಿ?" ಅಂದರು. ಇಲ್ಲ. ಎಡಗೈ ಕಿರುಬೆರಳಿಗೆ ಕೆಲಸವಿಲ್ಲ, ಸುಮ್ಮನೆ ಇರುತ್ತದೆ.

"ಮೂರನೇದು ಅಡೈಚ್ಬಿಟ್ಟು, ಅದೇ ನೇರಕ್ಕೆ ಸ್ವಲ್ಪ ಸೈಡಲ್ಲಿ ಹೊಸದು ಕೊರೆದ್ರೆ... ಇದು ಎಟ್ಟುತ್ತೆ."

ಹಳೆಯದನ್ನು ಮುಚ್ಚಿ, ಕಿರುಬೆರಳಿಗೆ ಎಟಕುವಲ್ಲಿ ಹೊಸ ತೂತು. ಮಿಸ್ ಡಿಕ್ರೂಜ್ ಕಡೆ ನೋಡಿದೆ.

"ನೋ, ಪೆರುಮಾಳ್." ಮೆಲ್ಲಗೇ ಹೇಳಿದರು. "ನಮ್ಮ ಹತ್ತಿರ ಇರೋದು ಒಂದೇ ಟೆನರ್. ಕೊರೆದ್ರೆ ರತ್ನಾ ಕೈ ಬಿಟ್ಟು ಇನ್ಯಾರ ಕೈಗೂ ಅದು ಆಗಲ್ಲ. ನಾವೆಲ್ಲ ಹೋದ ಮೇಲೂ ಅದು ಇರಬೇಕು."

ಅವರು ಹೇಳಿದ್ದು ಸರಿ.

ಆಮೇಲೆ — ನಮ್ಮ ಸ್ಕೂಲಿನ ಹೊಲಿಗೆ ಟೀಚರ್ ಆದಿಲಕ್ಷ್ಮಿಗೆ ಒಳ್ಳೆಯ ಕಿವಿ ಇದೆಯಂತೆ. ನವೆಂಬರ್ ಹೊತ್ತಿಗೆ ಕಲಿತಾಳಂತೆ. "ನೀನೇ ಕಲಿಸಬೇಕು ರತ್ನಾ. ಆ ಪಾರ್ಟ್ ನಿನ್ನಷ್ಟು ಯಾರಿಗೂ ಗೊತ್ತಿಲ್ಲ."

ಆಗಲಿ ಮಿಸ್ ಅಂದೆ. ನನ್ನ ಬಾಯೇ ಅಂದಿತು.

9-10-1982
ಆದಿಲಕ್ಷ್ಮಿಗೆ ಇಪ್ಪತ್ಮೂರು. ಬಂಗಾರಪೇಟೆ ಕಡೆ ಹಳ್ಳಿ ಹುಡುಗಿ. ಬೆರಳು ಉದ್ದ, ಒಣಗಿದ ಹುರುಳಿಕಾಯಿ ಹಾಗೆ ಸಣ್ಣ. ಊಟದ ಬೆಲ್ಲಿನಲ್ಲಿ ಹೊಲಿಗೆ ರೂಮಿನಲ್ಲಿ ಪಾಠ. ತಪ್ಪಾದರೆ ನಾಲಿಗೆ ಕಚ್ಚಿಕೊಂಡು ನಗುತ್ತಾಳೆ. ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗುತ್ತಿತ್ತು.

"ಅಕ್ಕಾ, ಇಲ್ಲಿ ಉಸ್ರು ಸಾಕಾಗಲ್ಲ, ಎಲ್ಲಿ ತಗಳ್ಲಿ?"

ಎಲ್ಲಿ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ ಹೇಳಿದೆ. ಅದನ್ನು ಕಂಡುಕೊಳ್ಳಲು ನನಗೆ ವರ್ಷಗಳು ಹಿಡಿದಿದ್ದವು. ಹೇಳಲು ಎರಡು ಮಾತು.

30-10-1982, ಶನಿವಾರ
ನಾಲ್ವರೂ ಪಾವನ್ ಪೂರ್ತಿ ಊದಿದರು. ನಾನು ಹಾಳೆ ತಿರುಗಿಸಿದೆ. ಒಂದೂ ತಪ್ಪಿಲ್ಲ. ಕೋದಂಡಪ್ಪನವರು ಚಪ್ಪಾಳೆ ತಟ್ಟಲು ಹೋಗಿ, ನನ್ನ ನೋಡಿ, ಕೈ ಇಳಿಸಿದರು.

ಹೊರಗೆ ಬಂದು ಪೆರುಮಾಳ್ ಹತ್ತಿರ ಬೇಡಿಕೊಂಡೆ. ಯಾರಿಗೂ ಹೇಳುವುದಿಲ್ಲ, ಕೊರೆದುಕೊಡಿ ಅಂತ. ಅವರ ಕಣ್ಣಲ್ಲಿ ನೀರು. "ಮಿಸ್ಸಮ್ಮ ಬೇಡ ಅಂದ ಮೇಲೆ ನಾನು ಕೈ ವೆಕ್ಕಲ್ಲ, ಮುಟ್ಟಲ್ಲ ತಾಯಿ. ಕೇಳ್ಬೇಡಿ."

ಚಿನ್ನದ ಗಣಿಯ ಸೈನೈಡ್ ದಿಬ್ಬದ ಬಿಳಿ ಧೂಳು ಗಾಳಿಗೆ ಎದ್ದಿತ್ತು. ಬಸ್ ಸ್ಟಾಪಿನಲ್ಲಿ ಸೆರಗು ಮುಖಕ್ಕೆ ಹಿಡಿದು ನಿಂತೆ. ಅತ್ತರೂ ಧೂಳಿಗೆ ಅಂತಾರೆ.

13-11-1982, ಶನಿವಾರ
ಟೆನರ್ ಮನೆಗೆ ತಂದೆ. ಹಬ್ಬದ ರಜದಲ್ಲಿ ಎಣ್ಣೆ ಹಚ್ಚಿ ತರುತ್ತೇನೆ ಅಂದೆ. ಪ್ರತಿವರ್ಷ ನಾನೇ ಹಚ್ಚುವುದು. ಯಾರೂ ಎರಡನೇ ಮಾತಾಡಲಿಲ್ಲ. ಆದಿಲಕ್ಷ್ಮಿ ತಾನೇ ಬಟ್ಟೆಯಲ್ಲಿ ಸುತ್ತಿಕೊಟ್ಟಳು.

14-11-1982, ಭಾನುವಾರ
ಮಾಡಿಸಿದೆ.

ಮಧ್ಯಾಹ್ನ ಅತ್ತೆ ಮಲಗಿದ್ದರು. ಇವರು ಹಿತ್ತಿಲಲ್ಲಿ ಹಗ್ಗ ಹೊಸೆಯುತ್ತಿದ್ದರು. ಮುಂದೆ ಇಟ್ಟೆ. ಇದಕ್ಕೊಂದು ತೂತು ಹಾಕಿಕೊಡಿ ಅಂದೆ. ಎಲ್ಲಿ, ಯಾಕೆ, ಎಲ್ಲ ಹೇಳಿದೆ. ಆ ದಿನದಿಂದ ಮೊದಲ ಸಲ ನನ್ನ ಕೈಯನ್ನು ನೇರ ನೋಡಿದರು.

"ಆಮ್ಯಾಕೆ ಊದಕ್ಕೆ ಆಯ್ತದಾ ನಿಂಗೆ?"

"ಆಗುತ್ತೆ."

"ನಿಮ್ ಮಿಸ್ಸಮ್ಮನೋರು ಒಪ್ಪವ್ರಾ?"

"ಒಪ್ಪಿದಾರೆ."

ಎಷ್ಟು ಸಲೀಸಾಗಿ ಬಂತು ಸುಳ್ಳು.

ಬೇವಿನ ಕಡ್ಡಿ ಕೆತ್ತಿ ಹಳೆಯ ತೂತಿಗೆ ಬಿಗಿದರು. ಮೇಲೆ ಜೇನುಮೇಣ. ಕಂಬಿ ಕೆಂಪಗೆ ಕಾಯಿಸಿ ಹೊಸದನ್ನು ಸುಟ್ಟರು. ಹೊಗೆಯಲ್ಲಿ ಹಣ್ಣಿನ ವಾಸನೆ. ಮುಟ್ಟಿ ನೋಡು ಅಂದರು, ಇನ್ನೊಂಚೂರಾ ಅಂದರು, ಬೆವರು ಅವರ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಕೂಸಿಗೆ ಕಿವಿ ಚುಚ್ಚುವವರ ಹಾಗೆ ಉಸಿರು ಹಿಡಿದಿದ್ದರು.

ಕಿರುಬೆರಳು ಇಟ್ಟೆ. ಊದಿದೆ. ಬಂತು. ಒಂದೊಂದೇ ಕೆಳಗೆ ಇಳಿದೆ. ಕೊನೆಯವರೆಗೂ ಬಂತು.

ಇವರು ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತರು.

18-11-1982
ಬಿರುಕು. ಹೊಸ ತೂತಿನಿಂದ ಕೆಳಗೆ, ಕೂದಲಿನಷ್ಟು. ಸುಟ್ಟ ಮರ ಒಣಗಿ ಸೀಳುಬಿಟ್ಟಿದೆ. ಬೆಳಿಗ್ಗೆ ದನಿ ಒಡಕು. ಸಂಜೆಗೆ ಇನ್ನೂ. ಎಣ್ಣೆ, ಮೇಣ... ಇವರಿಗೆ ಹೇಳಿಲ್ಲ. ಹೇಗೆ ಹೇಳಲಿ?

ಈಗ ಅದು ನನ್ನದೂ ಅಲ್ಲ, ಅವಳದೂ ಅಲ್ಲ.

20-11-1982, ಶನಿವಾರ
ಬಟ್ಟೆ ಬಿಚ್ಚಿ ಮೇಜಿನ ಮೇಲೆ ಇಟ್ಟೆ.

ಆದಿಲಕ್ಷ್ಮಿಗೆ ಮೊದಲು ಅರ್ಥವಾಗಲಿಲ್ಲ. ಕೈಗೆ ತೆಗೆದುಕೊಂಡು ಬೆರಳಿಟ್ಟಳು. ಉಂಗುರದ ಬೆರಳು ಮೇಣದ ಮೇಲೆ ಕೂತಿತು. ಕಿರುಬೆರಳು ಚಾಚಿದಳು, ಅಭ್ಯಾಸವಿಲ್ಲ, ಜಾರಿತು. ಮತ್ತೆ ಚಾಚಿದಳು. ಆಮೇಲೆ ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ಒಂದ್ ಮಾತು ಏಳಿದ್ರೆ ನಾನೇ ಬಿಟ್ಕೊಡ್ತಿದ್ದೆ ಅಕ್ಕಾ" ಅಂದಳು.

ಕೋದಂಡಪ್ಪನವರು: "ಬೆಂಗಳೂರಿಗೆ ಬರೋಲ್ಲ ಅಂತ ತಿಳಿಸಿಬಿಡೋಣ."

ಮಿಸ್ ಡಿಕ್ರೂಜ್ ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದರು. ತಿರುಗಿದಾಗ ತುಂಬಾ ವಯಸ್ಸಾದವರ ಹಾಗೆ ಕಂಡರು.

"ಪೆರುಮಾಳ್, ಅದನ್ನ ದಾರದಲ್ಲಿ ಬಿಗಿ. ರತ್ನಾ ಊದ್ತಾಳೆ. ಕ್ಷಮಿಸಿದೀನಿ ಅಂತ ಅಲ್ಲ. ಬೇರೆ ಯಾರ ಕೈಗೂ ಈಗ ಅದು ಬರಲ್ಲ, ಅದಕ್ಕೆ."

ಪೆರುಮಾಳ್ ಮೇಣ ಹಚ್ಚಿದ ದಾರ ಸುತ್ತಿದರು. ಹಲ್ಲಲ್ಲಿ ಎಳೆದು ಗಂಟು ಹಾಕಿದರು. ದನಿ ಅರ್ಧ ಮರಳಿತು.

ನನಗೆ ಬೇಕಾದದ್ದು ಸಿಕ್ಕಿತು. ಹೀಗೆ.

28-11-1982, ಭಾನುವಾರ, ಬೆಳಿಗ್ಗೆ
ನಿನ್ನೆಯದನ್ನು ಬರೆದುಬಿಡಬೇಕು.

ಬಂಗಾರಪೇಟೆಯಲ್ಲಿ ರೈಲು ಹತ್ತಿದೆವು. ಆದಿಲಕ್ಷ್ಮಿಯೂ ಬಂದಳು, ಹಾಳೆಗಳ ಚೀಲ ಹಿಡಿದು. ಮಿಸ್ ಡಿಕ್ರೂಜ್ ಕರೆದಿದ್ದರಂತೆ. ದಾರಿಯುದ್ದ ನನ್ನ ಎದುರಿಗೇ ಕೂತಿದ್ದಳು.

ಹಾಲ್ ತುಂಬಿತ್ತು. ಮೊದಲ ಎರಡು ಸಣ್ಣವು ಹೇಗೋ ಹೋದವು. ಪಾವನ್ ಶುರುವಾಯಿತು. ದೀಪದ ಬಿಸಿಗೆ ಮೇಣ ಕರಗುವುದು ಬೆರಳಿಗೆ ಗೊತ್ತಾಯಿತು. ಮೊದಲ ಭಾಗ ಮುಗಿಯಿತು. ಎರಡನೆಯದರ ನಡುವೆ ದಾರ ಸಡಿಲವಾಯಿತು. ದನಿ ಒಡೆಯಿತು. ಆಮೇಲೆ ಬರೀ ಗಾಳಿ. ಇನ್ನೂ ಜೋರಾಗಿ ಊದಿದೆ. ಗಾಳಿಯೇ. ಕೆಳಗಿಳಿಸಿ ತೊಡೆಯ ಮೇಲೆ ಇಟ್ಟುಕೊಂಡೆ.

ಮೂವರೂ ನಿಲ್ಲಿಸಲಿಲ್ಲ. ನಡುವೆ ಜಾಗ ಖಾಲಿ. ಪೆರುಮಾಳ್ ಕಣ್ಣು ಮುಚ್ಚಿಕೊಂಡಿದ್ದರು.

ಆಗ ಪರದೆಯ ಪಕ್ಕದಿಂದ — ಹಾಡು. ಪದವಿಲ್ಲ, ಬರೀ ಆ ಅಂತ. ಮೊದಲು ನಡುಕ. ನನ್ನ ಭಾಗ. ಪ್ರತಿ ಸ್ವರವೂ ನನ್ನದು. ಆದಿಲಕ್ಷ್ಮಿ ಚೀಲ ಎದೆಗೆ ಅವುಚಿಕೊಂಡು ನಿಂತು ಹಾಡುತ್ತಿದ್ದಳು. ಒಂದೊಂದೇ ಹೆಜ್ಜೆ ಬೆಳಕಿಗೆ ಬಂದಳು. ಕೊನೆಯವರೆಗೂ ಹಾಡಿದಳು.

ನಾವು ಬೇಕೆಂದೇ ಹೀಗೆ ಮಾಡಿದ್ದು ಅಂತ ಜನ ಅಂದುಕೊಂಡರು. ಚಪ್ಪಾಳೆ ನಿಲ್ಲಲಿಲ್ಲ. ನಾನೂ ಎದ್ದು ಕೈ ಮುಗಿದೆ. ಅವಳು ಹಾಡುತ್ತಿದ್ದಷ್ಟು ಹೊತ್ತೂ ಅವಳ ಗಂಟಲು ಕಟ್ಟಲಿ ಅಂತ ಬೇಡಿಕೊಂಡೆ. ಇದನ್ನು ಇಲ್ಲಿ ಮಾತ್ರ ಬರೆಯಬಲ್ಲೆ.

ರೈಲಿನಲ್ಲಿ ಕಡಲೆಕಾಯಿ ಪೊಟ್ಟಣ ಮುಂದೆ ಹಿಡಿದಳು. "ನೀವು ಗುರುತು ಆಕಿದ್ ಕಡೇನೇ ಉಸ್ರು ತಗಂಡೆ ಅಕ್ಕಾ. ಸರಿಯಾಗಿತ್ತಾ?"

ಸರಿಯಾಗಿತ್ತು ಅಂದೆ. ಬಂಗಾರಪೇಟೆ ಬರುವವರೆಗೂ ಕಿಟಕಿಯ ಆಚೆ ನೋಡಿದೆ. ಇಳಿಯುವಾಗ ಮಿಸ್ ಡಿಕ್ರೂಜ್ ಅವಳ ಹೆಗಲಿಗೆ ಕೈ ಕೊಟ್ಟು ಇಳಿದರು. ನನಗೆ ಮುಂದಿನ ಶನಿವಾರ ಬಾ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಅದೇ ದಿನ, ಸಂಜೆ
ಇವರು ಬೆಳಿಗ್ಗೆಯಿಂದ ಹಿಂದೆ ಹಿಂದೆಯೇ ಸುತ್ತುತ್ತಿದ್ದರು. ಹಾಲು ಹಾಕಿ ಬಂದು ಕೇಳಿಯೇಬಿಟ್ಟರು.

"ಎಂಗಾಯ್ತು ರತ್ನಾ?"

ಚೆನ್ನಾಗಾಯಿತು ಅಂದೆ.

"ನಾ ಆಕಿದ್ ತೂತು? ಕೂಗ್ತಾ?"

ಕೂಗಿತು ಅಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು ಅಂದೆ. ಅವರ ಮುಖ... ಆಗಸ್ಟಿನಿಂದ ಆ ಮುಖ ನೋಡಿರಲಿಲ್ಲ. ಅಲ್ಲೇ ಹಟ್ಟಿಯಲ್ಲಿ ಅತ್ತೆಯನ್ನು ಕರೆದರು, ಪಕ್ಕದ ಮನೆಯವರನ್ನೂ ಕರೆದರು. "ಬೆಂಗ್ಳೂರ್ನೋರೇ ಕೇಳವ್ರೆ, ನಾವೂ ಒಂದ್ಸಲ ಕೇಳಾನ. ತಗಂಬಾ."

ಒಳಗೆ ಬಂದಿದ್ದೇನೆ. ಕೊಳಲು ಮಂಚದ ಮೇಲಿದೆ, ದಾರ ಬಿಚ್ಚಿಕೊಂಡು. ಹೊರಗೆ ಚಾಪೆ ಹಾಸುತ್ತಿದ್ದಾರೆ. ಸಂಜೆ ಊದಬಾರದು ಅಂತ ಅತ್ತೆಯಾದರೂ ಅನ್ನಬಾರದೇ. ಅನ್ನುತ್ತಿಲ್ಲ. ಅವರೂ ಬಂದು ಕೂತಿದ್ದಾರೆ, ಕೆಮ್ಮು ಕೇಳುತ್ತಿದೆ.

ಕರೆಯುತ್ತಿದ್ದಾರೆ.

ಬಂದೆ ಅಂದೆ. ಈಗ ಬಾಗಿಲ ಹತ್ತಿರ ಹೆಜ್ಜೆ — ಇವರೇ. ಬಿರುಕು ಬಿಟ್ಟಿದೆ ಅಂತ ಹೇಳಿಬಿಡಲೇ, ಇಲ್ಲ —