ಆರನೇ ನಿಮಿಷದ ಗೆರೆ

ಮಾರ್ಚ್ 4, ಬೆಳಿಗ್ಗೆ 10
ರಕ್ತದಲ್ಲಿನ ಔಷಧಿ ಅಳೆಯುವ ಕ್ರೊಮ್ಯಾಟೋಗ್ರಫಿ ಯಂತ್ರದ್ದು ಇವತ್ತೂ ಮೊಂಡಾಟ. ಅದರೊಳಗಿನ ಕೊಳವೆ, ಕಾಲಮ್, ತೊಳೆದು ಮತ್ತೆ ಓಡಿಸಿದೆ. ಹನ್ನೆರಡು ಜನರ ಪ್ಲಾಸ್ಮಾ. ಒಂಬತ್ತನೆಯದು ಅಕ್ಕನದು — ಫಿಟ್ಸ್ ಮಾತ್ರೆ ರಕ್ತದಲ್ಲಿ ಎಷ್ಟಿದೆ ಎಂದು ಆರು ತಿಂಗಳಿಗೊಮ್ಮೆ ನೋಡುವುದು. ಆ ಔಷಧಿ ಇದ್ದರೆ ಪರದೆಯ ಗೆರೆ ಆರನೇ ನಿಮಿಷಕ್ಕೆ ಶಿಖರದಂತೆ ಪೀಕ್ ಎಬ್ಬಿಸಬೇಕು. ಎಬ್ಬಿಸಲಿಲ್ಲ. ಗೆರೆ ಚಪ್ಪಟೆ. ಉಳಿದ ಹನ್ನೊಂದೂ ಸರಿ. ಟ್ಯೂಬ್ ಅದಲುಬದಲಾಗಿರಬೇಕು...

ಮಾರ್ಚ್ 5
ಮತ್ತೆ ಮಾಡಿದೆ. ಅದೇ. ಅಕ್ಕನನ್ನು ಕರೆಸಿ ಮೂತ್ರ ಕೇಳಿದೆ. "ಏನೇ ನಿನ್ ಗೋಳು, ರಕ್ತ ಸಾಲ್ಲಿಲ್ವಾ?" ನಕ್ಕಳು. ಮೂತ್ರದಲ್ಲಿ ಔಷಧಿಯ ಚೂರುಪಾರು ದಿನಗಟ್ಟಲೆ ಉಳಿಯುತ್ತದೆ. ಅಲ್ಲೂ ಸೊನ್ನೆ. ಅಂದರೆ, ಮಾತ್ರೆ ನಿಲ್ಲಿಸಿ ಬಹಳ ದಿನವಾಗಿದೆ.

ಮಾರ್ಚ್ 6, ಸಂಜೆ
ಕ್ಯಾಂಟೀನಿನ ಮೂಲೆಯಲ್ಲಿ ಕೂರಿಸಿ ಕೇಳಿದೆ. ಮೊದಲು ಸಿಡುಕಿದಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟಳು.
"ಮೂರು ತಿಂಗ್ಳು ಕಣೇ. ಆ ಮಾತ್ರೆ ಮಗೂಗೆ ಒಳ್ಳೇದಲ್ವಂತೆ."
"ಡಾಕ್ಟ್ರಿಗೆ ಹೇಳಿದ್ರೆ ಬೇರೆ ಕೊಡ್ತಾರಲ್ಲೇ!"
"ಹೋದ್ಸಲ ಬೇರೆ ಕೊಟ್ರು. ಮಗು ಉಳೀತಾ? ಇನ್ನೊಂದು ತಿಂಗ್ಳು, ನಾಲ್ಕು ತುಂಬೋವರ್ಗೂ, ಬಾಯಿ ಬಿಡ್ಬೇಡ. ನಿಮ್ ಭಾವಂಗೂ ಹೇಳ್ಬೇಡ. ನನ್ನಾಣೆ."
ಮದುವೆಯಾಗಿ ಹದಿನಾಲ್ಕು ವರ್ಷ ಅವಳಿಗೆ. ಹೂಂ ಅಂದೆ. ಅಂದುಬಿಟ್ಟೆ.

ಮಾರ್ಚ್ 7
ವರದಿಯಲ್ಲಿ 'ಸ್ಯಾಂಪಲ್ ಕೆಟ್ಟಿದೆ' ಎಂದು ಬರೆದೆ. ಹನ್ನೊಂದು ವರ್ಷದ ಕೆಲಸದಲ್ಲಿ ಮೊದಲ ಸುಳ್ಳು. ಲ್ಯಾಬ್ ಮುಖ್ಯಸ್ಥೆ ಓದದೆಯೇ ಸಹಿ ಹಾಕಿದರು — ನನ್ನ ಮೇಲೆ ಅಷ್ಟು ನಂಬಿಕೆ.

ಮಾರ್ಚ್ 19
ಬರೆಯಲು ಕೈ ಏಳಲಿಲ್ಲ ಇಷ್ಟು ದಿನ.
ಹದಿಮೂರಕ್ಕೆ ಅಕ್ಕ ಮೆಟ್ಟಿಲಿನಿಂದ ಬಿದ್ದಳು. ಫಿಟ್ಸ್ ಮುಕ್ಕಾಲು ಗಂಟೆ ಬಿಡಲೇ ಇಲ್ಲ. ಮಗು ಹೋಯಿತು. ಅಕ್ಕ ಐಸಿಯುನಲ್ಲಿ. ಕಣ್ಣು ತೆರೆದಿಲ್ಲ.

ಮಾರ್ಚ್ 21, ಮಧ್ಯಾಹ್ನ 3
ಐಸಿಯುನಿಂದ ಅಕ್ಕನ ರಕ್ತ ಬಂತು. ಬೇರೆಯವರಿಗೆ ಬಿಡಲಿಲ್ಲ. ಈಗ ಔಷಧಿ ಎಷ್ಟು ಬೇಕೋ ಅಷ್ಟಿದೆ. ಇದ್ದು ಏನು ಬಂತು.
ವರದಿ ಕೊಟ್ಟು ಹೊರಬಂದರೆ ಬೆಂಚಿನ ಮೇಲೆ ಭಾವ. ಗಡ್ಡ ಬಿಟ್ಟಿದ್ದಾರೆ. ಕೈಯಲ್ಲಿ ಮಾತ್ರೆಯ ಪಟ್ಟಿಗಳು — ಅಕ್ಕನ ಬಟ್ಟೆಗಳ ಕೆಳಗೆ ಸಿಕ್ಕಿದವಂತೆ. ಒಂದೂ ಒಡೆದಿಲ್ಲ.
"ನೀನೇ ಅಲ್ವಮ್ಮಾ ಅವ್ಳ ರಕ್ತ ನೋಡಿದ್ದು? ಏನಿತ್ತು ಅದ್ರಲ್ಲಿ?"
"ಏನೂ ಇರ್ಲಿಲ್ಲ ಭಾವ. ನಂಗೆ ಗೊತ್ತಿತ್ತು. ಮಗು ವಿಷ್ಯಾನೂ."
ಬೈಯಲಿ ಎಂದು ಕಾದೆ. ಬೈಯಲಿಲ್ಲ. ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕೂತರು. ಕೊನೆಗೆ, ಬಹಳ ಮೆತ್ತಗೆ —
"ನಿನ್ ಹತ್ರ ಆದ್ರೂ ಹೇಳ್ಕೊಂಡ್ಲಲ್ಲ."