ಹೇಳದೇ ಉಳಿದ ಸಾಕ್ಷ್ಯ

೨೦೨೨ ಮಾರ್ಚ್ ೮, ಮಂಗಳವಾರ
ಹನ್ನೊಂದು ಕೋಣೆ ಒರೆಸಿದೆ. ವೃದ್ಧಾಶ್ರಮದಲ್ಲಿ ಯಾರೂ ಮಾತಾಡಿಸಲಿಲ್ಲ. ನಿನ್ನೆ ಮ್ಯಾಕ್ಸೀನ್ ಮ್ಯಾಜಿಸ್ಟ್ರೇಟರ ಮುಂದೆ ನಿಂತಳಂತೆ. ತಾನೇ ಆರೈಕೆ ಮಾಡಬೇಕಿದ್ದ ವಿಲ್ಫ್ರೆಡ್ ಮುದುಕನಿಗೆ ಹೊಡೆದ ಆರೋಪ. ಹೊಡೆದಿಲ್ಲ, ಜ್ಯೂರಿಯೇ ತೀರ್ಮಾನಿಸಲಿ ಎಂದಳಂತೆ. ಕೇಸು ಮೇಲಿನ ಕೋರ್ಟಿಗೆ, ಜ್ಯೂರಿ ಕೂರುವ ಕ್ರೌನ್ ಕೋರ್ಟಿಗೆ ಹೋಯಿತು.
ನೋಡಿದವಳು, ಪೊಲೀಸರಿಗೆ ಹೇಳಿದವಳು ನಾನೊಬ್ಬಳೇ. ಒಂಬತ್ತು ವರ್ಷ ಅವಳ ಕಾರಿನಲ್ಲಿ ಕೆಲಸಕ್ಕೆ ಬಂದವಳೂ ನಾನೇ. ಈಗ ಬಸ್ಸು.

ಮಾರ್ಚ್ ೧೧
ಅಡುಗೆಮನೆಯ ಗ್ಲಿನಿಸ್ ಟೀ ಕಪ್ಪು ಕುಕ್ಕಿದಳು. "ಏನೇ ಏವ್ರಿಲ್, ಇವತ್ತು ಯಾರನ್ನ ಹಿಡಿದುಕೊಡ್ತೀಯ?"
"ಅವನ ಕೆನ್ನೆ ನೋಡಿದ್ಯಾ ನೀನು?"
"ಮುದುಕರ ಚರ್ಮ ಕಣೇ. ಮುಟ್ಟಿದ್ರೂ ನೀಲಿಗಟ್ಟುತ್ತೆ."
ಟೀಗೆ ಸಕ್ಕರೆ ಹಾಕಿರಲಿಲ್ಲ. ಕುಡಿದೆ.

ನವೆಂಬರ್ ೧೪
ವಿಲ್ಫ್ರೆಡ್ ತೀರಿಕೊಂಡ. ನ್ಯುಮೋನಿಯ. ವಿಚಾರಣೆ ಜೂನ್‌ನಲ್ಲಿ ಎಂದು ಹೋದ ವಾರವಷ್ಟೇ ಕಾಗದ ಬಂದಿತ್ತು. ಅವನ ಕೋಣೆ ತೊಳೆದೆ. ಸಂಜೆಗೇ ಬೇರೊಬ್ಬರು ಬಂದರು.

೨೦೨೩ ಜೂನ್ ೫
ಕೋರ್ಟಿನ ಸಾಕ್ಷಿ ಕೋಣೆ. ಹತ್ತರಿಂದ ಮೂರೂವರೆ. ಬಿಸ್ಕತ್ತು, ಹಳೇ ಮ್ಯಾಗಜಿನ್... ಕೊನೆಗೆ ಸರ್ಕಾರಿ ವಕೀಲೆ ಬಂದರು. "ಇವತ್ತಾಗಲ್ಲ. ಹಿಂದಿನ ಕೇಸೇ ಮುಗಿದಿಲ್ಲ. ಫೆಬ್ರವರಿಗೆ ಹಾಕಿದಾರೆ."
"ಬರೋ ವರ್ಷಾನಾ?"
"ಬರೋ ವರ್ಷ."

ಸೆಪ್ಟೆಂಬರ್ ೨
ಆ ಕೆಲಸ ಬಿಟ್ಟು ತಿಂಗಳಾಯಿತು. ಈಗ ಶಾಲೆಯೊಂದರ ನೆಲ ಒರೆಸುತ್ತೇನೆ.
ಅಂಗಡಿಯಲ್ಲಿ ಮ್ಯಾಕ್ಸೀನ್ ಎದುರಾದಳು. ಬಡವಾಗಿದ್ದಾಳೆ. ಸಾಕ್ಷಿಯೊಡನೆ ಮಾತಾಡುವಂತಿಲ್ಲ, ಜಾಮೀನಿನ ಷರತ್ತು. ತುಂಬಿದ ಬುಟ್ಟಿ ನೆಲಕ್ಕಿಟ್ಟು ಹೊರಗೆ ನಡೆದಳು. ಹಿಂದೆ ಹೋಗಬೇಕೆನಿಸಿತು. ಹೋಗಲಿಲ್ಲ.

೨೦೨೪ ಫೆಬ್ರವರಿ ೧೨, ಸಂಜೆ ೫
ಅದೇ ಕೋಣೆ. ಹನ್ನೊಂದಕ್ಕೆ ಅದೇ ವಕೀಲೆ, ಕೋರ್ಟಿನಲ್ಲಿ ಹಾಕುವ ವಿಗ್ಗು ಕೈಯಲ್ಲಿ. "ತಪ್ಪೊಪ್ಪಿಕೊಂಡಳು. ನೀವು ಮನೆಗೆ ಹೋಗ್ಬಹುದು."
"ಎರಡು ವರ್ಷ ಆದ್ಮೇಲೆ, ಇವತ್ತ್ಯಾಕೆ?"
"ಈ ಸಲ ನೀವು ಬರಲ್ಲ ಅಂತ ಅವಳ ಕಡೆಯವರು ಅಂದ್ಕೊಂಡಿದ್ರು. ಬಂದು ಕೂತಿದೀರಿ ಅಂತ ಗೊತ್ತಾಯ್ತು."
"ಹಾಗಾದ್ರೆ ನನ್ನನ್ನ ಏನೂ ಕೇಳಲ್ವಾ?"
"ಅಗತ್ಯ ಇಲ್ಲ ಮೇಡಂ. ನೀವು ಬಂದಿದ್ದೇ ಸಾಕಾಯ್ತು."
ಶಿಕ್ಷೆ ಮುಂದಿನ ತಿಂಗಳು. ಜೈಲೋ ಅಲ್ಲವೋ, ಜಡ್ಜು ಹೇಳುತ್ತಾರೆ. ನಾನು ಹೋಗಬೇಕಿಲ್ಲ.
ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಪೊಲೀಸರಿಗೆ ಹೇಳದ ಒಂದು ಮಾತಿತ್ತು — ಕೋರ್ಟಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಆಗ ಹೇಳಿಬಿಡುವುದು ಎಂದಿದ್ದೆ. ಇಲ್ಲಾದರೂ ಬರೆಯುತ್ತೇನೆ.
ಆ ದಿನ ಬೆಳಿಗ್ಗೆ ಒಂಬತ್ತೂಕಾಲು. ಬಾಗಿಲು ಅರ್ಧ ತೆರೆದಿತ್ತು. ವಿಲ್ಫ್ರೆಡ್ ಗಂಜಿಯ ಚಮಚ ಬೀಳಿಸಿದ. ಅವಳು ಹೊಡೆದಳು. ಅವನು ಬಾಗಿಲ ಕಡೆ ನೋಡಿದ, ನನ್ನನ್ನು ನೋಡಿದ. ಅವಳು ಮತ್ತೆ ಕೈ ಎತ್ತಿದಳು. ಎರಡು ಹೆಜ್ಜೆ, ಅಷ್ಟೇ ದೂರ. ಆ ಎರಡು ಹೆಜ್ಜೆ ಇಡಲಿಲ್ಲ. ನಾನು —