ನೀನು ಬರೆದ ಸಾಲು

ಲೇ ಗೂಬೆ,

ನೀನಿದ್ದಾಗ ಒಂದು ಫೋನೂ ಮಾಡದವಳು, ನೀನು ಸತ್ತ ಮೇಲೆ ಬರೀತಾ ಕೂತಿದ್ದೀನಿ.

ಕುಲಪತಿಯಾದ ನಾನು ಇವತ್ತು ನಮ್ಮ ಸಂಜೆ ಕಾಲೇಜನ್ನ ಮುಚ್ಚೋ ಆದೇಶಕ್ಕೆ ಸಹಿ ಹಾಕಬೇಕಿತ್ತು. ಹಗಲು ಹೊಲಿಗೆ ಕೆಲಸ ಮಾಡಿ ಅಲ್ಲಿ ಓದೋ ಹುಡುಗಿಯೊಬ್ಬಳು ನನ್ನ ಕಚೇರಿಗೆ ನುಗ್ಗಿ, ನನ್ನ ಅರ್ಥಶಾಸ್ತ್ರದ ಪುಸ್ತಕ ಬಿಡಿಸಿ ಓದಿದಳು: "ದುಡಿದು ಬಂದವರಿಗೆ ಬಾಗಿಲು ಹಾಕುವ ವಿಶ್ವವಿದ್ಯಾಲಯ ಎಷ್ಟು ಉಳಿಸಿದರೂ ನಷ್ಟದಲ್ಲೇ ಇರುತ್ತದೆ." ಆಮೇಲೆ ಕೇಳಿದಳು, "ಇದು ನೀವೇ ಬರೆದಿದ್ದಲ್ವಾ ಮೇಡಂ?"

ನಾವಿಬ್ಬರೂ ಸೇರಿ ಆ ಪುಸ್ತಕ ಬರೀತಿದ್ದಾಗ, ನಮ್ಮ ಹಾಸ್ಟೆಲ್ ಕೋಣೆಯ ನೆಲದ ಮೇಲೆ ಕೂತು ನೀನು ಬರೆದ ಸಾಲು ಅದು. ಎರಡನೇ ಮುದ್ರಣಕ್ಕೆ ನಾನು ನಿನ್ನ ಹೆಸರು ತೆಗೆಸಿದಾಗಲೂ ನೀನು ತುಟಿ ಪಿಟಕ್ಕೆನ್ನಲಿಲ್ಲ.

"ನಾನೇ" ಅಂದೆ. ಗೆದ್ದೆ ಅಂದ್ಕೊಂಡ ಅವಳು ಪುಸ್ತಕಕ್ಕೆ ಸಹಿ ಕೇಳಿದಳು, ಹಾಕಿಕೊಟ್ಟೆ. ಅವಳು ಹೋದ ಮೇಲೆ ಅದೇ ಪೆನ್ನಲ್ಲಿ ಆದೇಶಕ್ಕೂ ಹಾಕಿದೆ ಕಣೇ.

ಅವತ್ತು ಬಯ್ಯಲಿಲ್ಲ. ಈಗಲಾದರೂ ಎದ್ದು ಬಂದು ಬಯ್ಯೇ.